ದುರ್ಗಮ ಭೂಮಿಯಲ್ಲಿ ಅಲ್ಪವ್ಯಯದ ಜಿಂಕೆಮೇವು: ಅಮೆರಿಕಾ ದೇಶದ ಒಂದು ಬಿತ್ತನೆಯ ಕ್ರಮ

ಬೆಳೆಗೆ ಬೀಳುವ ಜಿಂಕೆಯನ್ನು ಓಡಿಸುವುದಕ್ಕಾಗಿ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಕಾವಲು ಕಾಯುವುದು ಕಾಡಂಚಿನ ರೈತರಿಗೆ ಹೊಸದಲ್ಲ. ಆದರೆ ಜಿಂಕೆಗಾಗಿಯೇ ನೆಲವನ್ನು ಹಸನುಮಾಡಿ, ಬೀಜವನ್ನು ಕೊಂಡು ಬಿತ್ತಿ, ಅದು ಬಂದು ಮೇಯಲೆಂದು ಕಾದಿರುವ ಜಮೀನುದಾರರೂ ಪ್ರಪಂಚದಲ್ಲಿ ಇದ್ದಾರೆಂಬುದು ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದು ಸಾಧಾರಣವಾದ ರೂಢಿಯಾಗಿರುತ್ತದೆ. ಕಾಡಿನ ನಡುವೆ ಅಥವಾ ಅಂಚಿನಲ್ಲಿ ಜಿಂಕೆಯ ಮೇವಿಗೆಂದು ಬಿತ್ತಿದ ಸಣ್ಣ ತುಂಡು ಭೂಮಿಯನ್ನು ಅಲ್ಲಿನವರು ಮೇವಿನ ತಾಕು ಎಂದು ಕರೆಯುತ್ತಾರೆ. ಬೇಟೆಯ ಕಾಲದಲ್ಲಿ ಮೃಗವು ತಮ್ಮ ಜಮೀನಿನಲ್ಲಿಯೇ ನಿಲ್ಲಬೇಕೆಂಬುದೂ, ಚಳಿಗಾಲದ ತರುವಾಯ ಸೊರಗಿದ ಹಿಂಡಿಗೆ ಹಸಿರು ದೊರೆಯಬೇಕೆಂಬುದೂ ಇದರ ಉದ್ದೇಶಗಳು.

ಈ ಉದ್ದೇಶವು ಕರ್ನಾಟಕದ ಜಮೀನುದಾರರಿಗೆ ಸಲ್ಲತಕ್ಕದ್ದಲ್ಲ. ಅದರ ಕಾರಣವನ್ನು ಮುಂದೆ ಹೇಳಲಾಗುವುದು. ಆದರೆ ಉದ್ದೇಶ ಬೇರೆ, ಕ್ರಮ ಬೇರೆ. ನೇಗಿಲು ಹೋಗದ, ಟ್ರಾಕ್ಟರು ಹತ್ತದ, ಗಾಡಿಯ ದಾರಿಯೂ ಇಲ್ಲದ ಸ್ಥಳದಲ್ಲಿ ಒಬ್ಬನೇ ಮನುಷ್ಯನು ತನ್ನ ಬೆನ್ನ ಮೇಲೆ ಹೊರಬಹುದಾದಷ್ಟು ಸಾಮಗ್ರಿಯಿಂದ ಹಸಿರು ಮೇವನ್ನು ಎಬ್ಬಿಸುವ ವಿಧಾನವನ್ನು ಅಲ್ಲಿನ ಸಣ್ಣ ಹಿಡುವಳಿದಾರರು ಚೆನ್ನಾಗಿ ರೂಢಿಸಿಕೊಂಡಿದ್ದಾರೆ. ಗುಡ್ಡದ ಇಳಿಜಾರು, ಬೀಳುಭೂಮಿ, ಕಲ್ಲುಮರಡಿಗಳನ್ನು ಹೊಂದಿರುವ ಯಾರೂ ಇದನ್ನು ತಿಳಿದುಕೊಳ್ಳುವುದರಲ್ಲಿ ನಷ್ಟವಿಲ್ಲ.

ಅಲ್ಲಿನ ಬಿಳಿಬಾಲದ ಜಿಂಕೆಯು 19ನೆಯ ಶತಮಾನದಲ್ಲಿ ಮಾಂಸ ಮತ್ತು ಚರ್ಮಗಳ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಕೊಲ್ಲಲ್ಪಟ್ಟಿತು. 1900ರ ಸುಮಾರಿಗೆ ಇಡೀ ದೇಶದಲ್ಲಿ ಮೂರರಿಂದ ಐದು ಲಕ್ಷ ಜಿಂಕೆಗಳು ಮಾತ್ರ ಉಳಿದಿದ್ದುವೆಂದು ಅಂದಾಜು ಮಾಡಲಾಗಿದೆ. ಅದೇ 1900ರಲ್ಲಿ ಜಾರಿಗೆ ಬಂದ ಲೇಸಿ ಕಾಯಿದೆಯು ಕಾನೂನಿಗೆ ವಿರುದ್ಧವಾಗಿ ಕೊಂದ ಮೃಗಗಳ ಅಂತರರಾಜ್ಯ ವ್ಯಾಪಾರವನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯು ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ವನ್ಯಪ್ರಾಣಿ ಸಂರಕ್ಷಣೆಗೆ ಮೀಸಲಿಟ್ಟಿತು. ಬೇಟೆಗೆ ಋತುವೂ ಮಿತಿಯೂ ಗೊತ್ತಾದುವು. ಕೈಬಿಟ್ಟ ಹೊಲಗಳಲ್ಲಿ ಎಳೆಯ ಕಾಡು ಎದ್ದಿತು. ಇವೆಲ್ಲದರ ಫಲವಾಗಿ ಈಗ ಆ ದೇಶದಲ್ಲಿ ಸುಮಾರು ಮೂರು ಕೋಟಿ ಬಿಳಿಬಾಲದ ಜಿಂಕೆಗಳಿವೆಯೆಂದು ಎಣಿಸಲಾಗಿದೆ. ಅಲ್ಲಿ ಕಾಡುಮೃಗವು ಭೂಮಿಯ ಒಡೆಯನ ಸೊತ್ತಲ್ಲ. ಯಾವಾಗ, ಎಷ್ಟು ಹೊಡೆಯಬಹುದೆಂಬುದನ್ನು ರಾಜ್ಯವು ಗೊತ್ತುಮಾಡುತ್ತದೆ. ಆದರೆ ಜಮೀನಿನೊಳಕ್ಕೆ ಯಾರು ಕಾಲಿಡಬೇಕೆಂಬುದು ಒಡೆಯನ ಹಕ್ಕು. ಆದುದರಿಂದ ಜಿಂಕೆ ನಿಲ್ಲುವ ಜಮೀನಿಗೆ ಬೇಟೆಯ ಗುತ್ತಿಗೆಯಿಂದಲೂ ಆದಾಯವುಂಟು. ಮೇವಿನ ತಾಕುಗಳಿಗೆ ಹಣ ಚೆಲ್ಲುವುದರ ಹಿಂದೆ ಈ ಲೆಕ್ಕವೂ ಇದೆ.

ಸಮತಟ್ಟಾದ ಒಳ್ಳೆಯ ಭೂಮಿಯೆಲ್ಲ ಮುಸುಕಿನ ಜೋಳಕ್ಕೂ ಸೋಯಾ ಅವರೆಗೂ ಹೋಗಿರುವುದರಿಂದ ಜಿಂಕೆಯ ಪಾಲಿಗೆ ಉಳಿಯುವುದು ಬೆಟ್ಟದ ನೆತ್ತಿ, ಜೌಗಿನ ನಡುವಣ ದಿಬ್ಬ, ಮರ ಕಡಿದು ಸಾಗಿಸಿದವರು ಬಿಟ್ಟುಹೋದ ದಾರಿ, ದಿಮ್ಮಿ ರಾಶಿಹಾಕಿದ್ದ ಬಯಲು, ವಿದ್ಯುತ್ ತಂತಿಯ ಕೆಳಗಿನ ಪಟ್ಟೆ, ಇಂಥವು. ಇದರಿಂದ ಒಂದು ಅನುಕೂಲವೂ ಇಲ್ಲದಿಲ್ಲ. ಬೇಟೆಯ ಸದ್ದಿಗೆ ಬೆದರಿದ ಜಿಂಕೆಯು ಹಗಲು ಹೊತ್ತಿನಲ್ಲಿ ದೊಡ್ಡ ಬಯಲಿಗೆ ಬರುವುದಿಲ್ಲ. ಮರೆಯಾದ, ಜನಸಂಚಾರವಿಲ್ಲದ, ಹತ್ತು ಗುಂಟೆಯ ಹಸಿರಿಗೆ ಬರುತ್ತದೆ. ಹೀಗೆ ತಲುಪುವುದು ಕಷ್ಟವಾದ ಸ್ಥಳವೇ ಮೃಗಕ್ಕೆ ಇಷ್ಟವಾದ ಸ್ಥಳವಾಗಿರುವುದು. ಕಷ್ಟವೆಲ್ಲ ಬಿತ್ತುವವನದು.

ಹೊರೆಯ ಲೆಕ್ಕ

ದುರ್ಗಮ ಸ್ಥಳದ ಬೇಸಾಯದಲ್ಲಿ ಹಣಕ್ಕಿಂತ ಮೊದಲು ಲೆಕ್ಕಹಾಕಬೇಕಾದುದು ತೂಕವನ್ನು. ಕಾಲು ಎಕರೆ, ಅಂದರೆ ಹತ್ತು ಗುಂಟೆಯ ತಾಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ರೈ ಎಂಬ ಧಾನ್ಯವನ್ನು ಒಂಟಿಯಾಗಿ ಎರಚಿ ಬಿತ್ತುವುದಾದರೆ ಎಕರೆಗೆ ಸುಮಾರು 100 ಪೌಂಡು ಬೀಜ ಬೇಕು. ಹತ್ತು ಗುಂಟೆಗೆ 25 ಪೌಂಡು, ಎಂದರೆ ಸುಮಾರು 11 ಕಿಲೋ. ಬಿಳಿಯ ಕ್ಲೋವರ್ ಎಂಬ ದ್ವಿದಳ ಮೇವಿನ ಬೀಜವು ಅತಿ ಸಣ್ಣದಾದುದರಿಂದ ಹತ್ತು ಗುಂಟೆಗೆ ಒಂದು ಕಿಲೋ ಕೂಡ ಬೇಕಾಗುವುದಿಲ್ಲ. ಎರಡನ್ನೂ ಕೂಡಿಸಿ ಬಿತ್ತುವಾಗ ರೈ ಬೀಜವನ್ನು ಏಳು ಕಿಲೋಗೆ ಇಳಿಸತಕ್ಕದ್ದು. ಇಲ್ಲವಾದರೆ ಅದು ದಟ್ಟವಾಗಿ ಎದ್ದು ಕ್ಲೋವರ್ ಸಸಿಯನ್ನು ಅಡಗಿಸಿಬಿಡುವುದು. ಒಟ್ಟಿನಲ್ಲಿ ಬೀಜದ ಹೊರೆ ಎಂಟು ಕಿಲೋ. ಒಬ್ಬನು ಒಂದೇ ಸಲಕ್ಕೆ ಬೆಟ್ಟ ಹತ್ತಿಸಬಹುದು.

ಈಗ ಸುಣ್ಣದ ಮಾತು. ಅಮೆರಿಕಾದ ಪೂರ್ವ ಭಾಗದ ಕಾಡುನೆಲವು ಬಹುತೇಕ ಹುಳಿಯಾದುದು. ಮಣ್ಣಿನ ಪರೀಕ್ಷೆಯಲ್ಲಿ ಎಕರೆಗೆ ಎರಡು ಟನ್ ಕೃಷಿಸುಣ್ಣವನ್ನು ಹಾಕಬೇಕೆಂದು ಬಂದರೆ ಅದೇನೂ ಆಶ್ಚರ್ಯವಲ್ಲ. ಹತ್ತು ಗುಂಟೆಗೆ ಅರ್ಧ ಟನ್ ಆಯಿತು. ಅಲ್ಲಿ ಮಾರುವ ಗುಳಿಗೆಸುಣ್ಣದ ಚೀಲವೊಂದಕ್ಕೆ 40 ಪೌಂಡು ತೂಕ. ಇಪ್ಪತ್ತೈದು ಚೀಲಗಳನ್ನು ಒಂದೊಂದಾಗಿ ಹೊರಬೇಕು. ಬೀಜವನ್ನು ಒಂದು ಬಾರಿ ಹೊತ್ತವನು ಸುಣ್ಣಕ್ಕಾಗಿ ಇಪ್ಪತ್ತೈದು ಬಾರಿ ಹತ್ತಿ ಇಳಿಯುವನು! ಹೊಸಬರಲ್ಲಿ ಬಹುಮಂದಿಯ ಉತ್ಸಾಹವು ಕುಗ್ಗುವುದು ಇಲ್ಲಿಯೇ. ಕೆಲವರು ಸುಣ್ಣವನ್ನು ಬಿಟ್ಟು ದುಬಾರಿ ಬೀಜವನ್ನು ಮಾತ್ರ ಹಾಕುತ್ತಾರೆ. ಹುಳಿನೆಲದಲ್ಲಿ ಆ ಬೀಜವು ಮೊಳೆತು, ಹಳದಿಯಾಗಿ, ಬೆರಳುದ್ದದಲ್ಲಿಯೇ ನಿಂತುಹೋಗುವುದು. ರಸಗೊಬ್ಬರವನ್ನು ಸುರಿದರೂ ಪ್ರಯೋಜನ ಕಡಿಮೆ. ಮಣ್ಣಿನ ಹುಳಿ ಹೆಚ್ಚಾಗಿರುವಾಗ ರಂಜಕವೇ ಮೊದಲಾದ ಪೋಷಕಗಳು ನೆಲದಲ್ಲಿದ್ದರೂ ಬೇರಿಗೆ ಸಿಕ್ಕುವುದಿಲ್ಲ.

ಆದುದರಿಂದ ಅನುಭವಸ್ಥರು ಈ ಲೆಕ್ಕವನ್ನು ತಿರುಗಿಸಿ ಹಾಕುತ್ತಾರೆ. ದಾರಿಯುಳ್ಳ ಹೊಲದಲ್ಲಿ ಬೆಳೆಗೆ ತಕ್ಕಂತೆ ನೆಲವನ್ನು ತಿದ್ದಬಹುದು. ದಾರಿಯಿಲ್ಲದ ತಾಕಿನಲ್ಲಿ ನೆಲಕ್ಕೆ ತಕ್ಕ ಬೆಳೆಯನ್ನು ಆರಿಸಬೇಕು. ಕ್ಲೋವರ್‌ಗೆ ಮಣ್ಣಿನ ಪಿ.ಎಚ್. 6ಕ್ಕಿಂತ ಮೇಲಿರಬೇಕು. ರೈ ಧಾನ್ಯವು 5ರ ಸುಮಾರಿನಲ್ಲಿಯೂ ಬೆಳೆಯುವುದು. ಮೊದಲ ವರ್ಷ ರೈ ಮಾತ್ರ. ಆ ಮೇಲೆ ತಾಕಿಗೆ ಹೋಗುವಾಗಲೆಲ್ಲ ಒಂದು ಚೀಲ ಸುಣ್ಣ. ಉಳದೆ ಮೇಲೆಯೇ ಚೆಲ್ಲಿದ ಸುಣ್ಣವು ಬಹು ನಿಧಾನವಾಗಿ ಕೆಳಗಿಳಿಯುವುದಾದರೂ, ಮೇಲ್ಪದರದ ಒಂದೆರಡು ಅಂಗುಲ ತಿದ್ದಿದರೆ ಕ್ಲೋವರ್ ಸಸಿಗೆ ಆರಂಭದಲ್ಲಿ ಅಷ್ಟೇ ಸಾಕಾಗುವುದು. ಮನೆಯ ಒಲೆಯ ಮರದ ಬೂದಿಗೂ ಹುಳಿಯನ್ನು ತಗ್ಗಿಸುವ ಗುಣವಿದೆ, ಜೊತೆಗೆ ಪೊಟ್ಯಾಷೂ ಸಿಕ್ಕುತ್ತದೆ. ಆ ದೇಶದ ಚಳಿಸೀಮೆಯಲ್ಲಿ ಬೂದಿಗೆ ಬಡತನವಿಲ್ಲ.

ಮಣ್ಣಿನ ಪರೀಕ್ಷೆಯನ್ನು ಮಾತ್ರ ಯಾರೂ ಬಿಡತಕ್ಕದ್ದಲ್ಲ. ತಾಕಿನ ಎಂಟು ಹತ್ತು ಕಡೆಗಳಲ್ಲಿ ಮೇಲಿನ ಕಸವನ್ನು ಸರಿಸಿ ಅಗೆದು, ಮಣ್ಣನ್ನು ಬೆರೆಸಿ, ಅದರಲ್ಲಿ ಅರ್ಧ ಕಿಲೋದಷ್ಟನ್ನು ಕಳುಹಿಸಿದರೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯಗಳು ಅಲ್ಪ ಶುಲ್ಕಕ್ಕೆ ಪರೀಕ್ಷಿಸಿ ತಿಳಿಸುತ್ತವೆ. 1914ರ ಸ್ಮಿತ್-ಲೀವರ್ ಕಾಯಿದೆಯಿಂದ ಏರ್ಪಟ್ಟ ವಿಸ್ತರಣಾ ವ್ಯವಸ್ಥೆಯು ಈ ತಿಳಿವಳಿಕೆಯನ್ನು ಹಳ್ಳಿಹಳ್ಳಿಗೂ ಮುಟ್ಟಿಸುವುದು.

ಬೀಜದ ಆಯ್ಕೆ

ರೈ ಧಾನ್ಯವು ಅಮೆರಿಕಾದ ಬಡನೆಲಕ್ಕೆ ಕರ್ನಾಟಕದ ಬಡನೆಲಕ್ಕೆ ಹುರುಳಿ ಇದ್ದ ಹಾಗೆ. ಮರಳು, ಹುಳಿ, ಚಳಿ ಯಾವುದಕ್ಕೂ ಹೆದರುವುದಿಲ್ಲ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಮಾತ್ರ ಬೆಚ್ಚಗಿರುವ ನೆಲದಲ್ಲಿಯೂ ಮೊಳೆಯುತ್ತದೆ. ನೆಲದ ಮೇಲೆ ಬಿದ್ದ ಕಾಳು ಹೂಳದಿದ್ದರೂ, ತೇವ ಒಂದಿದ್ದರೆ ಬೇರಿಳಿಸುವುದು. ಉತ್ತರದ ರಾಜ್ಯಗಳಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಇದನ್ನು ಬಿತ್ತುತ್ತಾರೆ. ಹಿಮದಡಿಯಲ್ಲಿ ಸಾಯದೆ ಉಳಿದು, ಹಿಮ ಕರಗಿದ ಕೂಡಲೇ, ಕಾಡಿನಲ್ಲಿ ಮತ್ತೊಂದು ಎಲೆಯೂ ಚಿಗುರದಿರುವಾಗ ಹಸುರಾಗುವುದು. ಜಿಂಕೆಯ ಹಸಿವು ಅತಿಯಾಗಿರುವ ಕಾಲವೂ ಅದೇ. ಹೆಸರಿನ ಹೋಲಿಕೆಯಿಂದ ಮೋಸಹೋಗಿ ರೈಗ್ರಾಸ್ ಎಂಬ ಹುಲ್ಲನ್ನು ಕೊಳ್ಳತಕ್ಕದ್ದಲ್ಲ. ಅದು ಬೇರೆಯದೇ ಗಿಡ, ಜಿಂಕೆಗೆ ಅಷ್ಟು ಒಗ್ಗದು, ಮತ್ತು ಒಮ್ಮೆ ನೆಲೆನಿಂತರೆ ತೆಗೆಯುವುದು ಕಷ್ಟ. ಅಗ್ಗವಾದ ಮಿಶ್ರಬೀಜದ ಚೀಲಗಳಲ್ಲಿ ಇದನ್ನು ತುಂಬುವುದುಂಟು.

ಚೀಲದ ಮೇಲೆ ಕವಲುಗೊಂಬಿನ ಗಂಡುಜಿಂಕೆಯ ಚಿತ್ರವಿದ್ದರೆ ಒಳಗಿನ ಬೀಜಕ್ಕೆ ಬೆಲೆ ಏರುವುದು ವ್ಯಾಪಾರದ ಧರ್ಮ. ಮೇವಿನಂಗಡಿಯ ಚಿತ್ರವಿಲ್ಲದ ಗೋಣಿಯಲ್ಲಿಯೂ ಅದೇ ರೈ, ಅದೇ ಕ್ಲೋವರ್ ಇರುತ್ತದೆ. ಓದಬೇಕಾದುದು ಚಿತ್ರವನ್ನಲ್ಲ, ಅಡಿಯಲ್ಲಿ ಹೊಲಿದಿರುವ ಚೀಟಿಯನ್ನು: ಮೊಳಕೆಯ ಪ್ರಮಾಣವೆಷ್ಟು, ಪರೀಕ್ಷಿಸಿದ ತಿಂಗಳು ಯಾವುದು, ಕಳೆಬೀಜ ಎಷ್ಟು, ನಿರ್ಜೀವ ಪದಾರ್ಥ ಎಷ್ಟು. ಲೇಪನ ಮಾಡಿದ ಕ್ಲೋವರ್ ಬೀಜದಲ್ಲಿ ತೂಕದ ಮೂರನೆಯ ಒಂದು ಭಾಗದವರೆಗೆ ಲೇಪನವೇ ಇರಬಹುದು. ಬಿತ್ತುವ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಏರಿಸದಿದ್ದರೆ ತಾಕು ತೆಳುವಾಗುವುದು.

ಕ್ಲೋವರ್ ಎಂಬುದು ಕುದುರೆಮಸಾಲೆ ಸೊಪ್ಪಿನ ಬಳಗದ ಗಿಡ. ಬಿಳಿಯ ಜಾತಿಯು ಒಮ್ಮೆ ಬೇರೂರಿದರೆ ಮೂರು ನಾಲ್ಕು ವರ್ಷ ಬದುಕುವುದು, ಅರೆನೆರಳನ್ನೂ ಸಹಿಸುವುದು. ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಜೀವಾಣುಗಳ ಮೂಲಕ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುವುದರಿಂದ ಸಾರಜನಕದ ಗೊಬ್ಬರವನ್ನು ಬೆಟ್ಟಕ್ಕೆ ಹೊರುವ ಕೆಲಸವು ತಪ್ಪುವುದು. ಹಿಂದೆ ಕ್ಲೋವರ್ ಬೆಳೆಯದ ಕಾಡುನೆಲದಲ್ಲಿ ತಕ್ಕ ಜೀವಾಣು ಇರುವುದಿಲ್ಲವಾದುದರಿಂದ ಬೀಜಕ್ಕೆ ಅದನ್ನು ಲೇಪಿಸಿಯೇ ಬಿತ್ತತಕ್ಕದ್ದು. ಕರ್ನಾಟಕದಲ್ಲಿ ಶೇಂಗಾ, ಸೋಯಾ ಅವರೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಜೀವಾಣು ಗೊಬ್ಬರವನ್ನು ಕಲಸಿ ಲೇಪಿಸಿ ನೆರಳಿನಲ್ಲಿ ಆರಿಸುವಂತೆಯೇ ಇದೂ. ಟರ್ನಿಪ್, ರೇಪ್ ಮೊದಲಾದ ಸಾಸಿವೆ ಜಾತಿಯವು ರುಚಿಯಲ್ಲಿ ಮೇಲು, ಬೀಜವೂ ಹಗುರ. ಆದರೆ ಗೊಬ್ಬರವನ್ನು ಬೇಡುವವು. ದೂರದ ತಾಕಿಗೆ ಅವು ತಕ್ಕವಲ್ಲ.

ಉಳದೆ ಬಿತ್ತುವ ಕ್ರಮ

ಸ್ಥಳವನ್ನು ಮೊದಲು ಬಿಸಿಲಿನಿಂದ ಅಳೆಯಬೇಕು. ದಿನಕ್ಕೆ ನಾಲ್ಕು ಗಂಟೆಯಾದರೂ ನೇರವಾದ ಬಿಸಿಲು ಬೀಳದ ಕಡೆ ಯಾವ ಬೀಜವನ್ನು ಹಾಕಿದರೂ ವ್ಯರ್ಥ. ದಕ್ಷಿಣಕ್ಕೆ ನಿಂತ ಒಂದೆರಡು ಬೆಲೆಯಿಲ್ಲದ ಮರಗಳನ್ನು ಕಡಿದರೆ ಬೆಳಕು ದೊರೆಯುವುದು. ಕಡಿದ ಮರದ ಬುಡದಿಂದ ಬರುವ ಚಿಗುರೂ, ಬೆಳಕು ಕಂಡ ನೆಲದಿಂದ ತಾನಾಗಿ ಏಳುವ ಗಿಡಗಂಟಿಗಳೂ ಜಿಂಕೆಗೆ ಮೇವೇ ಆಗಿರುತ್ತವೆ. ಬಿಳಿಬಾಲದ ಜಿಂಕೆಯು ಹುಲ್ಲನ್ನು ತಿನ್ನುವುದು ಕಡಿಮೆ, ಎಲೆ ಚಿಗುರುಗಳನ್ನು ಕಚ್ಚುವುದು ಹೆಚ್ಚು. ಬೀಜಕ್ಕೆ ಕಾಸಿಲ್ಲದವನು ಕೊಡಲಿಯಿಂದಲೇ ಮೇವನ್ನು ಬೆಳೆಸಬಹುದೆಂಬ ಮಾತಿನಲ್ಲಿ ಬಹಳ ಸತ್ಯವಿದೆ. ಬೀಜದ ಚೀಲವನ್ನು ಮಾರುವವರು ಇದನ್ನು ಎತ್ತಿ ಹೇಳುವುದಿಲ್ಲವಷ್ಟೆ.

ಮರದಡಿಯ ನೆಲವಾದರೆ ತರಗೆಲೆಗಳನ್ನು ಕೈಹಲುಬೆಯಿಂದ ಗುಡಿಸಿ ಮಣ್ಣನ್ನು ಕಾಣಿಸಬೇಕು. ಕಷ್ಟವಾದ ಕೆಲಸವೆಂದು ಇದನ್ನು ಬಿಡುವವರೇ ಹೆಚ್ಚು. ತರಗಿನ ಮೇಲೆ ಬಿದ್ದ ಬೀಜವು ಇಬ್ಬನಿಯಿಂದ ಮೊಳೆತರೂ ಬೇರು ಮಣ್ಣನ್ನು ಮುಟ್ಟುವ ಮೊದಲೇ ಒಣಗಿಹೋಗುವುದು. ಹುಲ್ಲು ಕಳೆ ಎದ್ದಿರುವ ಬಯಲಾದರೆ ಕ್ರಮ ಬೇರೆ, ಮತ್ತು ಸುಲಭ. ಮಳೆಯ ಲಕ್ಷಣ ಕಂಡಾಗ, ನಿಂತಿರುವ ಕಳೆಯ ಮೇಲೆಯೇ ಬೀಜವನ್ನು ಎರಚಬೇಕು. ಅನಂತರ ಉದ್ದಹಿಡಿಯ ಕುಡುಗೋಲಿನಿಂದ ಕಳೆಯನ್ನು ಕೊಯ್ದು ಅಲ್ಲಿಯೇ ಕೆಡವಬೇಕು. ಮೊದಲು ಎರಚುವುದು, ಆಮೇಲೆ ಕೊಯ್ಯುವುದು; ಈ ಅನುಕ್ರಮವೇ ಇದರ ಗುಟ್ಟು. ಬೀಜವು ಕಳೆಯ ಸಂದಿನಿಂದ ಮಣ್ಣಿಗಿಳಿಯುವುದು, ಕೊಯ್ದ ಕಳೆಯು ಅದರ ಮೇಲೆ ಹೊದಿಕೆಯಾಗಿ ತೇವವನ್ನು ಕಾಯುವುದು, ಹಕ್ಕಿಗಳಿಂದಲೂ ಮರೆಮಾಡುವುದು. ಹೊದಿಕೆಯು ಅಂಗುಲಕ್ಕಿಂತ ದಪ್ಪವಾಗಿ ಮುದ್ದೆಗಟ್ಟಿದ ಕಡೆ ಕೆದರಬೇಕು. ಮೊಂಡು ಕಳೆಗಳಿದ್ದಲ್ಲಿ ಅಲ್ಲಿ ಹಲವರು ಬೆನ್ನಿನ ಸಿಂಪಡಿಕೆಯ ಡಬ್ಬದಿಂದ ಗ್ಲೈಫೊಸೇಟ್ ಕಳೆನಾಶಕವನ್ನು ಹೊಡೆಯುತ್ತಾರೆ. ವಿಷವನ್ನು ಒಲ್ಲದವರು ಬೇಸಗೆಯಲ್ಲಿ ಎರಡು ಸಲ ಬುಡಕ್ಕೆ ಕೊಯ್ದು ಕಳೆಯ ಕಸುವನ್ನು ಇಳಿಸುತ್ತಾರೆ. ಕ್ಲೋವರ್‌ನಂಥ ಸಣ್ಣ ಬೀಜವನ್ನು ಕಾಲು ಅಂಗುಲಕ್ಕಿಂತ ಆಳಕ್ಕೆ ಹೂಳಿದರೆ ಮೇಲೆ ಬರಲಾರದು. ಕಾಲಿನಿಂದ ತುಳಿದು ನೆಲಕ್ಕೆ ಒತ್ತುವುದೊಂದೇ ಅದಕ್ಕೆ ಬೇಕಾದ ಹಲುಬೆ.

ಚಳಿಸೀಮೆಯವರಿಗೆ ಪ್ರಕೃತಿಯೇ ನೇಗಿಲು ಹಿಡಿಯುವ ಒಂದು ಕಾಲವುಂಟು. ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ನೆಲವು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತ ಜೇನುಹುಟ್ಟಿನಂತೆ ಸಣ್ಣ ಸಣ್ಣ ಬಿರುಕುಗಳಾಗಿ ಒಡೆಯುತ್ತದೆ. ಬೆಳಗಿನ ಜಾವ ನೆಲ ಗಟ್ಟಿಯಿರುವಾಗಲೇ ನಡೆದುಹೋಗಿ ಕ್ಲೋವರ್ ಬೀಜವನ್ನು ಎರಚಿ ಬಂದರೆ, ಹಿಗ್ಗಿ ಕುಗ್ಗುವ ಮಣ್ಣೇ ಅದನ್ನು ಒಳಗೆಳೆದುಕೊಳ್ಳುವುದು. ಹಿಂದಿನ ವರ್ಷ ಬಿತ್ತಿದ ರೈ ತಾಕಿನಲ್ಲಿ ಹೀಗೆ ಕ್ಲೋವರನ್ನು ಎರಚುವುದು ಅತಿ ಅಗ್ಗವಾದ ವಿಧಾನ. ರೈ ಬೇಸಗೆಯಲ್ಲಿ ಆಳೆತ್ತರ ಬೆಳೆದು ತೆನೆಗಟ್ಟುವುದು. ಅದರ ನೆರಳಿನಲ್ಲಿ ಕ್ಲೋವರ್ ಬೇರೂರುವುದು. ಬೇಸಗೆಯ ಕೊನೆಗೆ ಒಣಗಿದ ರೈಯನ್ನು ಕೆಡವಿದರೆ ಉದುರಿದ ಕಾಳೇ ಮುಂದಿನ ಬೀಜವೂ ದಂಟೇ ಮುಂದಿನ ಹೊದಿಕೆಯೂ ಆಗುವುದು. ಎರಡನೆಯ ವರ್ಷದಿಂದ ಖರ್ಚು ಬಹಳ ಇಳಿಯುವುದು.

ಇದು ಕೇವಲ ಅಮೆರಿಕನ್ನರ ಶೋಧನೆಯೆಂದು ತಿಳಿಯಬೇಕಾಗಿಲ್ಲ. ನೇಗಿಲಿಲ್ಲದೆ ಬೆಳೆಯಬಹುದೆಂದು 1943ರಲ್ಲಿ ಗ್ರಂಥ ಬರೆದು ಅಲ್ಲಿನ ಕೃಷಿಕರಲ್ಲಿ ದೊಡ್ಡ ಚರ್ಚೆಯನ್ನು ಎಬ್ಬಿಸಿದವನು ಎಡ್ವರ್ಡ್ ಫಾಕ್ನರ್. ಜಪಾನಿನ ಶಿಕೋಕು ದ್ವೀಪದಲ್ಲಿ ಮಸನೊಬು ಫುಕುವೊಕನು ಕೊಯ್ಲಿಗೆ ಮುಂಚೆ ನಿಂತ ಬತ್ತದಲ್ಲಿ ಕ್ಲೋವರನ್ನೂ ಚಳಿಗಾಲದ ಧಾನ್ಯವನ್ನೂ ಎರಚಿ, ಕೊಯ್ದ ಹುಲ್ಲನ್ನು ಗದ್ದೆಗೇ ಹರಡುತ್ತಿದ್ದನು. ಛತ್ತೀಸಗಡದ ರೈತರು ನಿಂತ ಬತ್ತದ ಗದ್ದೆಯಲ್ಲಿ ಕೊಯ್ಲಿಗೆ ಮೊದಲೇ ಅಗಸೆ ಮತ್ತು ಬೇಳೆಕಾಳುಗಳನ್ನು ಚೆಲ್ಲುವ ಉತೇರಾ ಪದ್ಧತಿಯು ಇವೆಲ್ಲಕ್ಕಿಂತಲೂ ಹಳೆಯದು.

ಮೇದುದನ್ನು ಅಳೆಯುವುದು, ಮತ್ತು ಹಿಂಡಿನ ಮಿತಿ

ತಾಕಿನ ಮಧ್ಯದಲ್ಲಿ ತಂತಿಬಲೆಯಿಂದ ಒಂದು ಗಜ ಅಗಲದ ದುಂಡು ಪಂಜರವನ್ನು ನಿಲ್ಲಿಸುವುದು ಅಲ್ಲಿನ ಒಂದು ಒಳ್ಳೆಯ ಪದ್ಧತಿ. ಒಳಗಿನ ಮೇವು ಮೊಣಕಾಲೆತ್ತರವಿದ್ದು ಹೊರಗಿನದು ನೆಲಕ್ಕೆ ಅಂಟಿದ್ದರೆ ಬಿತ್ತನೆ ಕೆಟ್ಟಿಲ್ಲ, ಜಿಂಕೆ ಹೆಚ್ಚಾಗಿವೆ. ಒಳಗೂ ಹೊರಗೂ ಒಂದೇ ಸಮನಾಗಿ ಕುಳ್ಳಾಗಿದ್ದರೆ ಮಣ್ಣಿನ ದೋಷ. ಪಂಜರವಿಲ್ಲದವರು ಇವೆರಡನ್ನೂ ಒಂದೆಂದು ಎಣಿಸಿ ವರ್ಷವರ್ಷವೂ ಬೀಜದ ಅಂಗಡಿಯನ್ನು ಬೈಯುತ್ತಾರೆ. ಹತ್ತು ಗುಂಟೆಯ ತಾಕು ದೊಡ್ಡ ಹಿಂಡಿಗೆ ಎರಡು ವಾರದ ಮೇವೂ ಆಗದಿರಬಹುದು. ಅಂಥಲ್ಲಿ ಮಾಡಬೇಕಾದುದು ಮತ್ತೊಂದು ತಾಕಲ್ಲ, ಹಿಂಡನ್ನು ಕಾನೂನಿನ ಮಿತಿಯೊಳಗೆ ಕಡಮೆಮಾಡುವುದು.

ಈ ಮಾತು ಅಲ್ಲಿನ ಜನರಿಗೆ ಎಂದಿಗೂ ಹಿತವಾಗಿಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆಗಳು ಕಾಡಿನ ಮೇವಿಗೆ ಮೀರಿ ಹೆಚ್ಚಿ ಚಳಿಗಾಲದಲ್ಲಿ ಹಸಿದು ಸಾಯುತ್ತಿದ್ದಾಗ, ಕೃತಕವಾಗಿ ಮೇವನ್ನು ಒದಗಿಸುವುದರಿಂದ ತೊಂದರೆ ತೀರದು, ಹೆಣ್ಣುಜಿಂಕೆಗಳನ್ನೂ ಸೇರಿಸಿ ಹಿಂಡನ್ನು ತಗ್ಗಿಸಬೇಕೆಂದು ವನ್ಯಜೀವಿ ಶಾಸ್ತ್ರಜ್ಞನಾದ ಆಲ್ಡೊ ಲಿಯೊಪೋಲ್ಡನು ವಾದಿಸಿದನು. 1943ರಲ್ಲಿ ಅವನು ಆ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯನಾದನು. ಆ ವರ್ಷದ ಬೇಟೆಯ ಋತುವಿನ ತರುವಾಯ ಬೇಟೆಗಾರರ ಕೋಪವೆಲ್ಲ ಅವನ ಮೇಲೆ ತಿರುಗಿತು. ಆದರೆ ಹಸಿದ ಹಿಂಡು ಕಾಡಿನ ಸಸಿಗಳನ್ನು ತಲೆಯೆತ್ತಗೊಡದೆ ಮುಂದಿನ ತಲೆಮಾರಿನ ಮರಗಳನ್ನೇ ಅಳಿಸಿಬಿಡುತ್ತದೆಂಬುದು ಆಮೇಲೆ ಅನೇಕ ಕಡೆಗಳಲ್ಲಿ ಕಂಡುಬಂದಿದೆ.

ಬಿತ್ತಿದ ತಾಕಿಗೂ, ಜೋಳವನ್ನು ರಾಶಿ ಸುರಿದು ಜಿಂಕೆಯನ್ನು ಕರೆಯುವುದಕ್ಕೂ ಬಹಳ ಅಂತರವಿದೆ. ಚಳಿಗಾಲದಲ್ಲಿ ಕಡ್ಡಿ ಚಿಗುರುಗಳಿಗೆ ಒಗ್ಗಿದ ಮೆಲುಕುಹಾಕುವ ಪ್ರಾಣಿಯು ಒಮ್ಮೆಲೇ ಕಾಳನ್ನು ತುಂಬಿಕೊಂಡರೆ ಹೊಟ್ಟೆ ಹುಳಿಯಾಗಿ ಸಾಯಬಹುದು. ಹೆಚ್ಚಿನ ಅಪಾಯವು ರೋಗದ್ದು. 1967ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಗುರುತಿಸಲ್ಪಟ್ಟ ಕೃಶರೋಗವು ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಮೆದುಳನ್ನು ಕೆಡಿಸಿ ಪ್ರಾಣಿಯನ್ನು ಬಡಕಲಾಗಿಸಿ ಕೊಲ್ಲುತ್ತದೆ. ಅದಕ್ಕೆ ಔಷಧವಿಲ್ಲ; ಜೊಲ್ಲು ಮಲಮೂತ್ರಗಳ ಮೂಲಕ ಬಿದ್ದ ಅದರ ಅಂಶವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿಯೂ ಕಾಣಿಸಿಕೊಂಡಿತು. ಒಂದೇ ರಾಶಿಗೆ ಹತ್ತಾರು ಮೂತಿಗಳು ಮುಟ್ಟುವುದರಿಂದ ಸೋಂಕು ಹರಡೀತೆಂದು ಅನೇಕ ಪ್ರದೇಶಗಳಲ್ಲಿ ಮೇವು ಸುರಿಯುವುದನ್ನು ನಿಷೇಧಿಸಲಾಗಿದೆ. ಹರಡಿ ಬೆಳೆದ ತಾಕನ್ನು ಸಾಮಾನ್ಯ ಬೇಸಾಯವೆಂದು ಬಗೆದು ಬಿಟ್ಟಿರುತ್ತಾರಾದರೂ, ತೀರ ಸಣ್ಣ ತಾಕಿಗೆ ದೊಡ್ಡ ಹಿಂಡು ಮುತ್ತಿದರೆ ಅದೂ ರಾಶಿಯ ಹಾಗೆಯೇ ಆಗುವುದು.

ವನ್ಯಪ್ರಾಣಿಗಳಿಗೆ ಹಣ್ಣು, ಭೂಮಿಗೆ ರಕ್ಷಣೆ ಎಂದು 20ನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಸರ್ಕಾರೀ ಸಂಸ್ಥೆಗಳೇ ಹಂಚಿ ನೆಡಿಸಿದ ಆಟಮ್ ಆಲಿವ್ ಎಂಬ ಪೊದೆಯು ಈಗ ಹೊಲ ಕಾಡುಗಳನ್ನು ಮುತ್ತಿ ಕೀಳಲಾರದ ಕಳೆಯಾಗಿದೆ. ಹೊರಗಿನ ಗಿಡವನ್ನು ದುರ್ಗಮ ಸ್ಥಳಕ್ಕೆ ಒಯ್ಯುವವನು ಅದನ್ನು ತೆಗೆಯಲು ಮತ್ತೆ ಅಲ್ಲಿಗೆ ಹೋಗಲಾರನೆಂಬುದನ್ನು ಯೋಚಿಸಿಯೇ ಒಯ್ಯಬೇಕು.

ಕರ್ನಾಟಕದಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಚುಕ್ಕೆಜಿಂಕೆ, ಕಡವೆಗಳ ಬೇಟೆಯು ಶಿಕ್ಷಾರ್ಹವಾದುದು. ಸ್ವಂತ ಹೊಲದೊಳಕ್ಕೆ ಬಂದ ಮೃಗಕ್ಕೂ ಇದು ಅನ್ವಯಿಸುವುದು. ಕಾಡಂಚಿನ ಜಮೀನಿನಲ್ಲಿ ಜಿಂಕೆಗೆಂದು ಮೇವನ್ನು ಬಿತ್ತಿದರೆ ಹಿಂಡು ಅಲ್ಲಿಗೇ ನಿಲ್ಲದೆ ನೆರೆಯವರ ರಾಗಿ ಹುರುಳಿಗಳಿಗೂ ನುಗ್ಗುವುದು, ಅದರ ಬೆನ್ನ ಹಿಂದೆ ಚಿರತೆಯೂ ಬರುವುದು. ಚುಕ್ಕೆಜಿಂಕೆಯು ಬಿಳಿಬಾಲದ ಜಿಂಕೆಯಂತಲ್ಲದೆ ಮುಖ್ಯವಾಗಿ ಹುಲ್ಲನ್ನು ಮೇಯುವ ಪ್ರಾಣಿ. ನಾಗರಹೊಳೆಯ ಹಡ್ಲುಗಳೆಂಬ ಜೌಗು ಹುಲ್ಲುಬಯಲುಗಳು ಅದಕ್ಕೆ ಬಿತ್ತದೆ ಬೆಳೆದ ತಾಕುಗಳಾಗಿವೆ. ಬಂಡೀಪುರ ನಾಗರಹೊಳೆಗಳಲ್ಲಿ ಲಂಟಾನ ಪೊದೆಯು ಹಬ್ಬಿ ಹುಲ್ಲನ್ನು ಅಡಗಿಸಿರುವುದರಿಂದ, ಅಲ್ಲಿ ಬೇಕಾದುದು ಹೊಸ ಬೀಜಕ್ಕಿಂತ ಹೆಚ್ಚಾಗಿ ಲಂಟಾನದ ನಿರ್ಮೂಲನ. ಅದು ಅರಣ್ಯ ಇಲಾಖೆಯ ಕೆಲಸ.

ಜಮೀನುದಾರರು ಎತ್ತಿಕೊಳ್ಳಬೇಕಾದುದು ದನಕುರಿಗಳ ಮೇವಿಗಾಗಿ ಈ ಕ್ರಮವನ್ನು. ಕಾಡಿನಿಂದ ದೂರವಾದ, ನೇಗಿಲು ಹತ್ತದ ಸ್ವಂತ ಬೀಳುಗಳಲ್ಲಿ ಸ್ಟೈಲೊ ಹೆಮಾಟ ಎಂಬ ದ್ವಿದಳ ಮೇವು ರೈ ಮತ್ತು ಕ್ಲೋವರ್ ಎರಡರ ಕೆಲಸವನ್ನೂ ಮಾಡಬಲ್ಲದು. ಬಡನೆಲವನ್ನೂ ಕಡಿಮೆ ಮಳೆಯನ್ನೂ ಸಹಿಸುವುದು, ಸಾರಜನಕವನ್ನು ತಾನೇ ಕೂಡಿಸಿಕೊಳ್ಳುವುದು, ಬೀಜ ಉದುರಿಸಿ ತಾನೇ ಮತ್ತೆ ಹುಟ್ಟುವುದು. ಎರಚುವುದಕ್ಕೆ ಹೆಕ್ಟೇರಿಗೆ 10 ಕಿಲೋ, ಎಂದರೆ ಹತ್ತು ಗುಂಟೆಗೆ ಒಂದು ಕಿಲೋ ಬೀಜ ಸಾಕು. ಬೀಜದ ಸಿಪ್ಪೆ ಗಡುಸಾದುದರಿಂದ ಕುದಿಯದ, ಆದರೆ ಕೈ ತಾಳಲಾರದಷ್ಟು ಬಿಸಿಯಾದ, 80 ಡಿಗ್ರಿಯ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ತರುವಾಯ ರಾತ್ರಿ ತಣ್ಣೀರಿನಲ್ಲಿ ನೆನೆಯಿಸಬೇಕು. ಹದಮಳೆ ಬಿದ್ದ ಜೂನ್ ಜುಲೈ ತಿಂಗಳುಗಳಲ್ಲಿ, ಇರುವ ಹುಲ್ಲನ್ನು ಕುಳ್ಳಾಗಿ ಕೊಯ್ದು, ಮುಳ್ಳುಕೊಂಬೆಯನ್ನು ಎಳೆದು ನೆಲವನ್ನು ಗೀರಿ, ಮಣ್ಣಿನೊಡನೆ ಬೆರೆಸಿದ ಬೀಜವನ್ನು ಚೆಲ್ಲತಕ್ಕದ್ದು; ಹೂಳಲಾಗದು. ಮಲೆನಾಡಿನ ಹುಳಿನೆಲದವರು ಮಣ್ಣನ್ನು ಮೊದಲು ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸುವುದು ಮೇಲು. ಒಂದು ಮೂಲೆಯಲ್ಲಿ ತಂತಿಪಂಜರಕ್ಕೆ ಬದಲಾಗಿ ಮುಳ್ಳಿನ ಬುಟ್ಟಿಯನ್ನು ಕವುಚಿಟ್ಟರೂ ದನ ಮೇದುದೆಷ್ಟು, ನೆಲ ಕೊಟ್ಟುದೆಷ್ಟು ಎಂಬುದು ತಿಳಿಯುವುದು. ಮೊದಲ ವರ್ಷ ಸ್ಟೈಲೊ ಬೆಳವಣಿಗೆ ನಿಧಾನ. ಬಿತ್ತನೆ ಕೆಟ್ಟಿತೆಂದು ತಿಳಿದು ಕುರಿಗಳನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಊರೊಟ್ಟಿನ ಬೀಳಾದರೆ ಪಂಚಾಯತಿಯಲ್ಲಿ ಮೊದಲೇ ಮಾತಾಡಿ ಒಪ್ಪಿಗೆಯನ್ನು ಬರೆಯಿಸಿಕೊಳ್ಳಬೇಕು. ಗಿಡವು ಹೂಬಿಟ್ಟು, ಬೀಜ ಬಲಿತು ನೆಲಕ್ಕೆ ಉದುರಿದ ತರುವಾಯವೇ ಆ ವರ್ಷ ದನಗಳನ್ನು ಒಳಕ್ಕೆ ಬಿಡತಕ್ಕದ್ದು.